ಸ್ವಾಮಿಯ ತಕ್ಕಡಿ ಹೇಳಿದ ತೂಕ

ಹೋದ ವರ್ಷ ದಸರೆಗೆ ಇನ್ನೂ ಹದಿನೈದು ದಿನ ಇರುವಾಗ ನಮ್ಮ ಯಜಮಾನರಿಗೆ ಮೈ ಚಾಚಿ ಮಲಗಲು ಆಗದಂತಾಯಿತು. ತಲೆ ದಿಂಬಿಗೆ ತಾಗಿ ಹತ್ತು ನಿಮಿಷ ಆಗುವುದರೊಳಗೆ ಕೆಮ್ಮು, ಕೆಮ್ಮಿನ ಬೆನ್ನಿಗೇ ಉಬ್ಬಸ. ಎದ್ದು ಕೂತರೆ ಸ್ವಲ್ಪ ಸಮಾಧಾನ. ಮೊದಲು ಎರಡು ದಿಂಬು ಕೇಳಿದರು, ಆಮೇಲೆ ಮೂರು, ಕೊನೆಗೆ ಗೋಡೆಗೆ ಒರಗಿ ಕೂತೇ ಬೆಳಗು ಮಾಡತೊಡಗಿದರು. ನಾನು ಹತ್ತಿಯ ಧೂಳು ಎಂದೆ. ಓಣಿಯವರು ತಂಡಿ ಗಾಳಿ ಎಂದರು. ಶುಂಠಿ ಕಷಾಯ, ಮೆಣಸಿನ ಕಷಾಯ, ತುಳಸಿ ಕಷಾಯ, ನನಗೆ ಗೊತ್ತಿದ್ದ ಕಷಾಯವೆಲ್ಲ ಮುಗಿದವು, ಕೆಮ್ಮು ಮುಗಿಯಲಿಲ್ಲ.

ಭಕ್ತ ಬಂಧುಗಳೇ, ನಾನು ಆದೋನಿಯ ಬಸಮ್ಮ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಆಮೇಲೆ ನಾನು ಬರೆದದ್ದೆಂದರೆ ಕಿರಾಣಿ ಅಂಗಡಿಯ ಚೀಟಿ. ಇದನ್ನು ಬರೆಯಲು ಹೇಳಿದವರು ನಮ್ಮ ಮನೆದೇವರ ಗುಡಿಯ ಅಯ್ಯನವರು. "ನಾ ಬರದ್ರ ಪವಾಡ ಅಂತ ಬರದ್ಬಿಡ್ತೀನಿ. ನೀ ಬರಿ ತಾಯಿ, ನಡದದ್ದು ನಡದಂಗ ಇರ್ತೈತಿ" ಎಂದರು. ನಡೆದದ್ದರಲ್ಲಿ ನನ್ನ ತಪ್ಪೇ ಹೆಚ್ಚು ಇದೆ ಎಂದು ಅವರಿಗೆ ಗೊತ್ತಿದ್ದೂ ಹಾಗೆ ಹೇಳಿದರೋ ಏನೋ.

ನಮ್ಮ ಯಜಮಾನರ ಹೆಸರನ್ನು ನಾನು ಹೇಳುವುದಿಲ್ಲ, ರೂಢಿಯಿಲ್ಲ. ಆದರೆ ಇಡೀ ಮಾರ್ಕೆಟ್ ಯಾರ್ಡ್ ಅವರನ್ನು ಈರಣ್ಣ ಎಂದು ಕರೆಯುತ್ತದೆ. ಮೂವತ್ತೆರಡು ವರ್ಷದಿಂದ ಅವರು ಅಲ್ಲಿ ಹತ್ತಿ ತೂಗುತ್ತಾರೆ. ತೂಗುವುದಕ್ಕೆ ಈಗ ಕಾಟಾ ಕರೆಂಟಿನದು, ಅಂಕಿ ತಾನೇ ಬರುತ್ತದೆ. ಆದರೆ ಅಂಕಿಗಿಂತ ಮೊದಲು ಅವರ ಕೈ ಹೋಗುತ್ತದೆ ಹತ್ತಿಯೊಳಗೆ. ಕೆಲವರಿಗೆ ಒಂದು ಚಟವಿದೆ: ಮುಂಜಾನೆ ಗಾಡಿ ಕಟ್ಟುವಾಗ ಹತ್ತಿಗೆ ನಾಲ್ಕು ಚೊಂಬು ನೀರು ಚಿಮುಕಿಸಿ ತರುತ್ತಾರೆ, ತೂಕ ಬರಲಿ ಎಂದು. ನಮ್ಮವರು ಮೊಣಕೈವರೆಗೆ ಕೈ ಇಳಿಸಿ ಒಂದು ಹಿಡಿ ಹತ್ತಿ ಒತ್ತಿ ಬಿಡುತ್ತಾರೆ. ಒಣಗಿದ ಹತ್ತಿ ಬಿಟ್ಟ ಕೂಡಲೇ ಅರಳಿ ಏಳುತ್ತದೆ. ನೀರು ಕುಡಿದ ಹತ್ತಿಯಲ್ಲಿ ಬೆರಳಿನ ಗುರುತು ಹಾಗೇ ಉಳಿಯುತ್ತದೆ. "ಇದು ನೀರ ಹತ್ತಿ, ಆ ಕಡಿ ಹರವಿ ಒಣಗಸ್ರಿ" ಎಂದು ನಗುನಗುತ್ತಲೇ ಹೇಳುತ್ತಾರೆ. ಯಾರನ್ನೂ ಬೈದವರಲ್ಲ. ಬೈಯುವ ಕೆಲಸ ಮನೆಯಲ್ಲಿ ನಾನು ನೋಡಿಕೊಳ್ಳುತ್ತೇನೆ.

ದಸರೆಯ ಮರುದಿನ ಅವರು ಯಾರ್ಡಿನಲ್ಲೇ ಕುಸಿದು ಕೂತರು. ಆದೋನಿಯಲ್ಲಿ ಒಂದು ರಾತ್ರಿ ಇಟ್ಟುಕೊಂಡು, ಕರ್ನೂಲಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಎಮ್ಮಿಗನೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವರನ್ನು ಕೂರಿಸಿ, ದಾರಿಯುದ್ದಕ್ಕೂ ಅವರ ಉಸಿರನ್ನೇ ಕೇಳುತ್ತ ಹೋದೆ. ಮಗಳು ಮಂಜುಳಾ ಕೋಸಗಿಯಿಂದ, ಅವಳನ್ನು ಕೊಟ್ಟ ಊರಿನಿಂದ, ನೇರ ಅಲ್ಲಿಗೇ ಬಂದಳು.

ಅಲ್ಲಿನ ಡಾಕ್ಟರಮ್ಮ ತೆಲುಗಿನವರು. ಎದೆಯ ಮೇಲೆ ಯಂತ್ರ ಇಟ್ಟು ನೋಡಿ, ಹಾರ್ಟ್ ಫೇಲ್ಯೂರ್ ಎಂದರು. ನನಗೆ ಗೊತ್ತಿದ್ದ ಫೇಲ್ ಎಂದರೆ ಪರೀಕ್ಷೆಯದು, ಒಮ್ಮೆ ಆಯಿತೆಂದರೆ ಮುಗಿಯಿತು.

"ಅಮ್ಮಾ, ಹೃದಯ ಫೇಲ್ ಆದ ಮ್ಯಾಲೆ ಮನಷ್ಯಾ ಹೆಂಗ ಕುಂತು ಮಾತಾಡ್ತಾನ್ರಿ?" ಎಂದು ಕೇಳಿಯೇಬಿಟ್ಟೆ.

ಡಾಕ್ಟರಮ್ಮ ನಗಲಿಲ್ಲ. ಮುರುಕು ಕನ್ನಡದಲ್ಲಿ, ನಡುನಡುವೆ ತೆಲುಗು ಸೇರಿಸಿ ಹೇಳಿದರು. "ಭಯಪಡಕಂಡಿ, ಹೆದರಬ್ಯಾಡ್ರಿ ಅಮ್ಮಾ. ಗುಂಡೆ, ಅಂದ್ರೆ ಹೃದಯ, ನಿಂತಿಲ್ಲ, ದಣಿದೈತಿ. ಬೋರಿನ ಮೋಟ್ರು ಹಳೇದಾದ್ರೆ ನೀರು ಪೂರಾ ಮ್ಯಾಲೆ ಎತ್ತಲ್ಲ ಕದಾ? ಹಂಗೇ ಇದೂ. ಎತ್ತದೆ ಉಳಿದ ನೀರು ಎದಿಯಾಗ, ಕಾಲಾಗ, ಹೊಟ್ಟ್ಯಾಗ ನಿಲ್ತೈತಿ. ಮಲಗಿದ್ರೆ ಉಸಿರು ಕಟ್ಟೋದು ಅದಕ್ಕೇ. ಪೂರಾ ಹೋಗೋ ಕಾಯಿಲೆ ಅಲ್ಲ, ಆದ್ರೆ ಇದರ ಜೊತೆ ಚೆನ್ನಾಗಿ ಬದುಕೋರು ಬಹಳ ಜನ ಅದಾರೆ."

ಒಂಬತ್ತು ದಿನ ಅಲ್ಲಿದ್ದೆವು. ಬಿಡುವ ದಿನ ಡಾಕ್ಟರಮ್ಮ ನಮ್ಮವರನ್ನು ಕೂರಿಸಿಕೊಂಡು ಮನೆಯಲ್ಲಿ ಏನೇನು ಮಾಡಬೇಕೆಂದು ಹೇಳುತ್ತಿದ್ದರು. ಉಪ್ಪು ಕಡಿಮೆ, ನೀರು ಅಳತೆಯಲ್ಲಿ, ಗುಳಿಗೆ ಒಂದೂ ತಪ್ಪಬಾರದು, ಅಷ್ಟನ್ನು ನಾನು ಕೇಳಿದೆ. ಆಗಲೇ ನರ್ಸ್ ಬಂದು ಔಷಧದ ಕಿಟಕಿ ಮುಚ್ಚುತ್ತಾರೆ ಎಂದಳು, ಓಡಿದೆ. ಉಳಿದದ್ದನ್ನು ಅವರೊಬ್ಬರೇ ಕೇಳಿದರು. ಬಸ್ಸಿನಲ್ಲಿ ವಿಚಾರಿಸಿದರೆ, "ದಿನಾ ತೂಕ ನೋಡ್ಕಬೇಕಂತ" ಎಂದಷ್ಟೇ ಹೇಳಿ ಕಣ್ಣು ಮುಚ್ಚಿದರು.

ಆ ದಿನ ಆಸ್ಪತ್ರೆಯಲ್ಲಿ ಅವರ ತೂಕ ಐವತ್ತಾರು ಕಿಲೋ. ಮದುವೆಯಾದಾಗಿನಿಂದ ಎಪ್ಪತ್ತಕ್ಕೆ ಕಡಿಮೆ ಇರದಿದ್ದ ಮನುಷ್ಯ. ಕೆನ್ನೆ ಒಳಗೆ ಹೋಗಿತ್ತು, ಅಂಗಿ ಗೂಟಕ್ಕೆ ನೇತು ಹಾಕಿದಂತೆ ಕಾಣುತ್ತಿತ್ತು. ಮನೆಗೆ ಬಂದ ಸಂಜೆಯೇ ದೀಪ ಹಚ್ಚಿ ನಮ್ಮ ಮನೆದೇವರು ವೀರಭದ್ರಸ್ವಾಮಿಗೆ ಹರಕೆ ಕಟ್ಟಿಕೊಂಡೆ: ಸ್ವಾಮಿ, ಇವರ ಮೈ ಮೊದಲಿನಂತೆ ತುಂಬಿಸು, ಕಾರ್ತಿಕದ ಕೊನೆಯ ಸೋಮವಾರ ನಿನ್ನ ಗುಡಿಯಲ್ಲಿ ಇವರನ್ನು ಬೆಲ್ಲದಲ್ಲಿ ತೂಗಿಸುತ್ತೇನೆ.

ಇನ್ನು ದಿನಾ ತೂಕ ನೋಡುವ ಮಾತು. ಮಂಜುಳಾ ಆದೋನಿಯ ಅಂಗಡಿಯಲ್ಲಿ ಮನುಷ್ಯರು ನಿಲ್ಲುವ ಸಣ್ಣ ಕಾಟಾ ಒಂದನ್ನು ಕೊಂಡು ತಂದಿಟ್ಟು ಹೋದಳು. ಇಲ್ಲಿ ನಮ್ಮ ಯಾರ್ಡಿನ ಒಂದು ಪದ್ಧತಿ ಹೇಳಬೇಕು. ಅಲ್ಲಿ ಕಾಟಾ ಎಂದರೆ ಲಕ್ಷ್ಮಿ. ಬೆಳಿಗ್ಗೆ ಕಾಟಾಕ್ಕೆ ಕೈಮುಗಿಯದೆ ಯಾರೂ ತೂಕಕ್ಕೆ ಕೂರುವುದಿಲ್ಲ, ಅದರ ಮೇಲೆ ಕಾಲಿಡುವ ಮಾತಂತೂ ಇಲ್ಲವೇ ಇಲ್ಲ. ಹೊಸದಾಗಿ ಬಂದ ಹಮಾಲಿ ತಮಾಷೆಗೆ ತನ್ನ ತೂಕ ನೋಡಲು ಹತ್ತಿದರೆ ಅವನ ಕೈಯಲ್ಲಿ ತೆಂಗಿನಕಾಯಿ ಒಡೆಸಿಯೇ ಬಿಡುತ್ತಾರೆ. ಮೂವತ್ತೆರಡು ವರ್ಷ ಆ ಪದ್ಧತಿಯಲ್ಲಿ ಬೆಳೆದವರು ಕಾಟಾದ ಮೇಲೆ ಕಾಲಿಡುತ್ತಾರೆಯೇ? ಆಸ್ಪತ್ರೆಯಲ್ಲಿ ನರ್ಸ್ ಗದರಿದ್ದಕ್ಕೆ ಹತ್ತಿದ್ದರು, ಅದೂ ಮುಟ್ಟಿ ಕಣ್ಣಿಗೊತ್ತಿಕೊಂಡು.

ಮನೆಯಲ್ಲಿ ಗದರುವವರು ಯಾರು? ನಾನೇ ಅವರ ಪಕ್ಷ. ಆ ಕಾಟಾವನ್ನು ಹೊಸ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟೆ. ದೀಪಾವಳಿಗೆ ಅದಕ್ಕೆ ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂ ಏರಿಸಿ ಆರತಿ ಬೆಳಗಿದೆವು. ಡಾಕ್ಟರಮ್ಮ ನಿಲ್ಲಲು ಹೇಳಿದ್ದ ಕಾಟಾಕ್ಕೆ ನಾವು ಅಡ್ಡಬಿದ್ದೆವು. ಈಗ ನೆನೆದರೆ ನಗು ಬರುತ್ತದೆ, ನಗುವಿನ ಹಿಂದೆ ನಡುಕವೂ ಬರುತ್ತದೆ.

ತಪ್ಪು ಅದೊಂದೇ ಆಗಿದ್ದರೆ ಚೆನ್ನಾಗಿತ್ತು. ಉಪ್ಪು ಕಡಿಮೆ ಎಂದಿದ್ದರಲ್ಲ, ಸಾರಿಗೆ, ಪಲ್ಯಕ್ಕೆ ಉಪ್ಪು ಅರ್ಧ ಮಾಡಿದೆ. ಸಪ್ಪೆ ಊಟ ಗಂಟಲಲ್ಲಿ ಇಳಿಯುವುದಿಲ್ಲವೆಂದು ಪಕ್ಕದಲ್ಲಿ ಮಾವಿನ ಉಪ್ಪಿನಕಾಯಿ ಇಟ್ಟೆ. ಹಪ್ಪಳ ಸುಟ್ಟು ಕೊಟ್ಟೆ. ಬೆಳಿಗ್ಗೆ ಅವರಿಗೆ ಒಗ್ಗರಣೆ ಹಾಕಿದ ಮಂಡಕ್ಕಿ ಉಗ್ಗಾಣಿಯೂ ಮಿರ್ಚಿ ಬಜ್ಜಿಯೂ ಬೇಕು. ಆದೋನಿಯವರಿಗೆ ಅದಿಲ್ಲದೆ ಹೊತ್ತು ಮೂಡುವುದಿಲ್ಲ. ಉಪ್ಪು ಎಂದರೆ ನಾನು ಡಬ್ಬಿಯಿಂದ ಚಮಚದಲ್ಲಿ ಹಾಕುವುದು ಮಾತ್ರ ಎಂದುಕೊಂಡಿದ್ದೆ.

ಇನ್ನೊಂದು ತಪ್ಪು ಬರೆಯಲು ಕೈ ಹಿಂಜರಿಯುತ್ತದೆ. ಗುಳಿಗೆಗಳಲ್ಲಿ ಬಿಳಿಯದೊಂದು ಇತ್ತು. ಅದನ್ನು ನುಂಗಿದರೆ ಮಧ್ಯಾಹ್ನದವರೆಗೆ ಅವರು ಆರೇಳು ಸಲ ಬಚ್ಚಲಿಗೆ ಹೋಗಬೇಕಾಗುತ್ತಿತ್ತು. ಬಡವಾದ ಮನುಷ್ಯನ ಮೈಯಿಂದ ಇರುವ ಶಕ್ತಿಯೂ ಹೀಗೆ ಹೊರಗೆ ಹೋದರೆ ಮೈ ತುಂಬುವುದು ಹೇಗೆ ಎಂದು ನನ್ನ ಲೆಕ್ಕ. "ಇದು ತಾಕತ್ತು ಕಳೀತೈತ್ರಿ. ದಿನ ಬಿಟ್ಟು ದಿನ ತಗೋರಿ" ಎಂದೆ. ನಾಲ್ಕು ದಿನ ಹಾಗೆ ಮಾಡಿ, ಆಮೇಲೆ ಆ ಗುಳಿಗೆಯ ಪಟ್ಟಿಯನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟುಬಿಟ್ಟೆ. ಅವರೂ ಕೇಳಲಿಲ್ಲ.

ನೋಡನೋಡುತ್ತ ಅವರ ಮೈ ತುಂಬಿತು. ಮುಖ ಗುಂಡಗಾಯಿತು, ಹೊಟ್ಟೆ ಬಂತು, ಚಪ್ಪಲಿ ಬಿಗಿಯಾಯಿತು. ನಾನು ದೊಡ್ಡ ಅಳತೆಯ ಹೊಸ ಚಪ್ಪಲಿ ತಂದೆ. ಓಣಿಯ ಹೆಂಗಸರು, "ಈರಣ್ಣ ಸಾವ್ಕಾರ ಆಗ್ಯಾನ ನೋಡ" ಎಂದು ತಮಾಷೆ ಮಾಡಿದರೆ ದೃಷ್ಟಿ ತಾಗೀತೆಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಸ್ವಾಮಿ ನನ್ನ ಮಾತು ಕೇಳಿದ ಎಂದು ದಿನಾ ಸಂಜೆ ದೀಪದ ಮುಂದೆ ಅಳುತ್ತಿದ್ದೆ, ಸಂತೋಷಕ್ಕೆ. ಅವರು ಮತ್ತೆ ಕುರ್ಚಿಯಲ್ಲೇ ನಿದ್ದೆ ಮಾಡತೊಡಗಿದ್ದರು. ಕೇಳಿದರೆ, "ಟೀವಿ ನೋಡ್ತಾ ಹಂಗ ಕಣ್ಣು ಹತ್ತಿತು" ಎನ್ನುತ್ತಿದ್ದರು. ನಾನು ನಂಬಿದೆ. ನಂಬಲು ಮನಸ್ಸಿದ್ದವರಿಗೆ ನೆಪ ಹುಡುಕಿಕೊಡಬೇಕಾಗಿಲ್ಲ.

ಕಾರ್ತಿಕದ ಕೊನೆಯ ಸೋಮವಾರ ಬಂತು. ಆಸ್ಪತ್ರೆಯ ಐವತ್ತಾರು ನೆನಪಿತ್ತು. ಮೈ ತುಂಬಿದೆ, ಜೊತೆಗೆ ಕೈ ಬಿಗಿ ಹಿಡಿದಳೆಂದು ಸ್ವಾಮಿ ಅನ್ನಬಾರದು ಎಂದು ಅರವತ್ತು ಕಿಲೋ ಬೆಲ್ಲ ತಂದೆ, ಹತ್ತತ್ತು ಕಿಲೋದ ಆರು ಪೆಂಟಿ, ಅಂದರೆ ಅಚ್ಚು. ಮಂಜುಳಾ ಹಿಂದಿನ ದಿನವೇ ಬಂದಿದ್ದಳು. ಅಪ್ಪನ ಮುಖ ನೋಡಿ, "ಯಾಕವ್ವಾ, ಅಪ್ಪನ ಮಾರಿ ಹಿಂಗ ಹೊಳೀತೈತಿ?" ಎಂದಳು. "ದೇವರ ದಯಾ" ಎಂದೆ. ಅವಳು ಅಪ್ಪನ ಮುಖವನ್ನು ಇನ್ನೊಮ್ಮೆ ನೋಡಿ ಬೆಲ್ಲದ ಚೀಲ ಕಟ್ಟಲು ಕೂತಳು.

ಗುಡಿಯ ಕಡೆ ಹೋಗುವ ಪೆದ್ದಕಡುಬೂರಿನ ಬಸ್ಸಿನಲ್ಲಿ ಬೆಲ್ಲದ ಗೋಣಿಚೀಲಗಳನ್ನು ಸೀಟಿನ ಕೆಳಗೆ ತುರುಕಿದೆವು. ಕಂಡಕ್ಟರ್ ಬಗ್ಗಿ ನೋಡಿ, "ಅಮ್ಮಾ, ಬೆಲ್ಲಂಕಿ ಕೂಡಾ ಟಿಕೆಟ್ ತೀಸುಕೋವಾಲಿ" ಎಂದ. ಸ್ವಾಮಿಯ ಬೆಲ್ಲಕ್ಕೆ ಟಿಕೇಟು ಕೇಳಿದರೆ ಸ್ವಾಮಿಯೇ ಬಂದು ಉತ್ತರ ಕೊಡುತ್ತಾನೆ ಎಂದು ನಾನು ಹೇಳಿದ್ದಕ್ಕೆ ಬಸ್ಸೆಲ್ಲ ನಕ್ಕಿತು. ನಮ್ಮವರು ಮಾತ್ರ ನಗಲಿಲ್ಲ. ಕಿಟಕಿಯ ಕಂಬಿ ಹಿಡಿದು ಬಾಯಿಂದ ಉಸಿರು ಎಳೆದುಕೊಳ್ಳುತ್ತಿದ್ದರು.

ಗುಡಿ ಊರಿನಿಂದ ಆಚೆ ಹೊಲಗಳ ನಡುವೆ. ಬಸ್ಸಿಳಿದು ಬೆಲ್ಲವನ್ನು ಆಟೋದಲ್ಲಿ ಕಳಿಸಿ, ಹರಕೆಯ ದಾರಿ ನಡೆದೇ ಹೋಗಬೇಕೆಂದು ನಾನೇ ಹಟ ಹಿಡಿದೆ. ಸಣ್ಣ ದಾರಿ. ಅಷ್ಟರಲ್ಲಿ ಅವರು ಐದು ಸಲ ನಿಂತರು. ನಿಂತಾಗಲೆಲ್ಲ ಎರಡೂ ಕಡೆಯ ಹತ್ತಿ ಹೊಲ ನೋಡುವವರಂತೆ ನಟಿಸಿದರು. "ಕಾಯಿ ಚಲೋ ಬಿಟ್ಟೈತಿ" ಎನ್ನುತ್ತಿದ್ದರು, ಒಂದೊಂದು ಮಾತಿಗೂ ಒಂದೊಂದು ಉಸಿರು. ಗುಡಿಯ ಎಂಟು ಮೆಟ್ಟಿಲು ಹತ್ತಿದ ಮೇಲೆ ಮಾತೂ ಹೊರಡಲಿಲ್ಲ.

ಗುಡಿಯ ಮಂಟಪದ ತೊಲೆಗೆ ಹಳೆಯ ಕಾಲದ ದೊಡ್ಡ ತಕ್ಕಡಿ ತೂಗಿ ಬಿಟ್ಟಿದ್ದಾರೆ, ಎರಡು ಮರದ ಹಲಗೆ, ಕಬ್ಬಿಣದ ಸರಪಳಿ. ಇದರಲ್ಲಿ ಕೂರುವುದಕ್ಕೆ ಅವರಿಗೆ ಅಡ್ಡಿಯಿರಲಿಲ್ಲ. ಇದು ಸ್ವಾಮಿಯ ತಕ್ಕಡಿ. ಕಾಲಿಟ್ಟು ಹತ್ತುವುದಿಲ್ಲ, ಮಡಿಲಿನಲ್ಲಿ ಕೂತಂತೆ ಕೂರುವುದು. ಅಯ್ಯನವರು ಮಂತ್ರ ಹೇಳಿ ಒಂದೊಂದೇ ಪೆಂಟಿ ಇಡಿಸಿದರು. ಒಂದು, ಎರಡು, ಮೂರು. ಐದಾಯಿತು. ಆರನೆಯದನ್ನು ನಾನೇ ಇಟ್ಟೆ. ಅವರು ಕೂತ ಹಲಗೆ ಕಲ್ಲಿನ ಮೇಲಿಂದ ಒಂದು ಬೆರಳೂ ಏಳಲಿಲ್ಲ.

ಅಲ್ಲಿದ್ದವರೆಲ್ಲ ಹರಹರ ಎಂದರು. ಐವತ್ತಾರರ ಮನುಷ್ಯ ಅರವತ್ತು ದಾಟಿದ್ದಾರೆ. ನಾನು ಎಣಿಸಿದ್ದಕ್ಕಿಂತ ಹೆಚ್ಚು ಕೊಟ್ಟಿದ್ದಾನೆ ಸ್ವಾಮಿ. "ಊರಾಗಿಂದ ಇನ್ನೊಂದು ಪೆಂಟಿ ತರಸ್ತೀನಿ, ಒಂದು ತಾಸು ತಡೀರಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ನಮ್ಮವರು ಹಲಗೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಬೆಲ್ಲದ ಕಡೆ ನೋಡಿದರು, ಮೇಲಿನ ತೊಲೆ ನೋಡಿದರು, ಸರಪಳಿ ಮುಟ್ಟಿ ನೋಡಿದರು. ಯಾರ್ಡಿನಲ್ಲಿ ಗಾಡಿ ಬಂದು ನಿಂತಾಗ ಅವರ ಮುಖದಲ್ಲಿ ಒಂದು ಗಳಿಗೆ ಮೂಡುವ ಗಂಭೀರತೆ ಬಂತು.

"ನನ್ನ ಅಂದಾಜಿಗೆ ಇನ್ನೂ ನಾಕು ಕಿಲೋ ಬೇಕು," ಎಂದರು ಮೆಲ್ಲಗೆ. "ಅರವತ್ನಾಕು. ತಿಂಗಳೊಪ್ಪತ್ತಿನಾಗ ಎಂಟು ಕಿಲೋ ಏರೈತಿ. ಬಸಮ್ಮ, ನಾ ಉಂಡದ್ದ ಎರಡೆರಡು ರೊಟ್ಟಿ. ಎಂಟು ಕಿಲೋ ಎಲ್ಲಿಂದ ಬಂತು?"

ಹಾಗೆಂದು ಧೋತರ ಸರಿಸಿ, ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಇಟ್ಟು ಒತ್ತಿದರು. ಬಿಟ್ಟರು. ಬೆರಳು ಇಟ್ಟಲ್ಲಿ ಕುಳಿ ಬಿದ್ದಿತ್ತು. ಹತ್ತು ಎಣಿಸುವಷ್ಟು ಹೊತ್ತಾದರೂ ಅದು ಮೇಲೆ ಬರಲಿಲ್ಲ. ನಾವೆಲ್ಲ ಅದನ್ನೇ ನೋಡುತ್ತ ನಿಂತೆವು.

"ನೀರ ಹತ್ತಿ," ಎಂದರು ನಮ್ಮವರು. "ಇಡೀ ಯಾರ್ಡಿನ ಹತ್ತಿ ಒತ್ತಿ ನೋಡ್ದೆ, ನನ್ನ ಕಾಲು ಒತ್ತಿ ನೋಡ್ಕೊಳ್ಳಿಲ್ಲ ನೋಡು. ಡಾಕ್ಟ್ರಮ್ಮ ಹೇಳಿದ್ಲು, ಎರಡು ಮೂರು ದಿನದಾಗ ಎರಡು ಕಿಲೋ ಏರಿದ್ರ ಅದು ಮಾಂಸ ಅಲ್ಲ, ನೀರು, ಜಲ್ದಿ ಬರ್ರಿ ಅಂತ. ಕಾಟಾ ಹತ್ತೋ ಮಾತು ಕೇಳಿ ಮನಸ್ಸು ಮುರದು, ಮುಂದಿಂದು ತಲೀಗಿ ಹಾಕ್ಕೊಳ್ಳಿಲ್ಲ."

ನಾನು ಏನು ಮಾಡಬೇಕಿತ್ತು? ಆಗಲೇ ಅವರ ಕೈ ಹಿಡಿದು ಇಳಿಸಬೇಕಿತ್ತು. ನಾನು ಮಾಡಿದ್ದು ಜಗಳ. ತುಲಾಭಾರ ಅರ್ಧಕ್ಕೆ ನಿಂತರೆ ಕೆಡುಕು ಎಂದು ಚಿಕ್ಕಂದಿನಿಂದ ಕೇಳಿದವಳು ನಾನು. ಸರಪಳಿ ಹಿಡಿದುಕೊಂಡು, "ಇಳೀಬ್ಯಾಡ್ರಿ, ಹರಕಿ ಮುರೀತೈತಿ, ಇನ್ನೊಂದ ಪೆಂಟಿ ಬರ್ಲಿ" ಎಂದು ಕೂಗಿದೆ. ಮಂಜುಳಾ ನನ್ನ ಕೈ ಬಿಡಿಸಲು ಎಳೆಯುತ್ತ, "ಅವ್ವಾ, ಅಪ್ಪನ ತುಟಿ ನೋಡು, ನೀಲಿ ಆಗ್ಯಾವ, ಅಪ್ಪನ್ನ ನೋಡು" ಎಂದು ಅಳುತ್ತಿದ್ದಳು. ನಾನು ನೋಡಲಿಲ್ಲ. ಬೆಲ್ಲ ನೋಡುತ್ತಿದ್ದೆ.

ಅಯ್ಯನವರು ಮಂಗಳಾರತಿಯ ತಟ್ಟೆ ಕೆಳಗಿಟ್ಟು ಬಂದರು. ಎಪ್ಪತ್ತು ದಾಟಿದ ಮುದುಕರು, ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಸರಪಳಿ ಬಿಡು ತಾಯಿ. ಈ ತಕ್ಕಡಿ ನಂದಲ್ಲ, ನಿಂದಲ್ಲ, ಸ್ವಾಮಿದು. ಎಲ್ಲಾ ಕಾಟಾ ಬಿಟ್ಟು ನಿನ್ನ ಗಂಡನ್ನ ಇದರ ಮ್ಯಾಲೆ ಯಾಕ ಕುಂದ್ರಿಸಿದ ಅಂತೀ? ನಿಜ ತೂಕ ಹೇಳಾಕ. ಹೇಳ್ಯಾನ. ಈಗ ಕಡಿಮಿ ಬಿದ್ದದ್ದು ಎಷ್ಟೈತೋ ಅಷ್ಟೂ ನೀರು, ಆ ನೀರಿಗಿ ಬೆಲ್ಲ ಇಡಬ್ಯಾಡ. ದವಾಖಾನಿಗಿ ಹೋಗಿ ನೀರು ಇಳಿಸಿ ಕರ್ಕೊಂಡು ಬಾ. ಆವತ್ತು ಈ ಬೆಲ್ಲನ ಸಾಕಾಗ್ತೈತಿ."

ಸರಪಳಿ ಬಿಟ್ಟೆ. ಆಗ ಅವರ ಮುಖ ನೋಡಿದೆ. ಒಂದು ತಿಂಗಳಿನಿಂದ ಹೊಳಪು ಎಂದುಕೊಂಡದ್ದು ಬಾವು ಎಂದು ಆಗ ಕಣ್ಣಿಗೆ ಕಂಡಿತು.

ಬೇರೆ ಭಕ್ತರನ್ನು ತಂದಿದ್ದ ಆಟೋದವನು ಏನೂ ಕೇಳದೆ ನಮ್ಮನ್ನು ಹತ್ತಿಸಿಕೊಂಡ. ಮಂಜುಳಾ ಮುಂದೆ ಕೂತು ಫೋನಿನಲ್ಲಿ ಆಂಬುಲೆನ್ಸ್ ಕರೆದಳು, ಅದು ಅರ್ಧ ದಾರಿಗೆ ಎದುರು ಬಂದು ಅವರಿಗೆ ಆಕ್ಸಿಜನ್ ಹಾಕಿ, ಮಲಗಿಸದೆ ಕೂರಿಸಿಯೇ ಆದೋನಿಗೆ ಕರೆದೊಯ್ದಿತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರು, ಕೊಳವೆ ಹಾಕಿದರು, ಪರದೆ ಎಳೆದರು. ಅಲ್ಲಿನ ಡಾಕ್ಟರು ಹೊರಗೆ ಬಂದು, ಬಿಳಿ ಗುಳಿಗೆ ತೆಗೆದುಕೊಳ್ಳುತ್ತಿದ್ದರಾ ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಸಾಸಿವೆ ಡಬ್ಬಿಯ ಹಿಂದೆ ಇದೆ ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಆ ಗುಳಿಗೆ ತಾಕತ್ತು ತೆಗೆಯಲ್ಲಮ್ಮ, ನೀರು ತೆಗೀತೈತಿ. ಅದು ಇಲ್ಲದಿದ್ರ ನೀರು ಎದಿಗೇ ಏರ್ತೈತಿ. ಇನ್ನೆರಡು ದಿನ ಬಿಟ್ಟಿದ್ರ..." ಎಂದು ಅಲ್ಲಿಗೇ ನಿಲ್ಲಿಸಿ ಒಳಗೆ ಹೋದರು.

ಕಲ್ಲು ಬೆಂಚಿನ ಮೇಲೆ ಕೂತೆ. ಎದುರಿಗೆ ಯಾರೋ ಟಿಫಿನ್ ಕ್ಯಾರಿಯರ್ ಬಿಚ್ಚಿ ಉಣ್ಣುತ್ತಿದ್ದರು, ಉಪ್ಪಿನಕಾಯಿಯ ವಾಸನೆ ಬಂತು, ಮುಖ ಆಚೆ ತಿರುಗಿಸಿದೆ. ಗಂಡನಿಗೆ ವಿಷ ಹಾಕಿದವಳೂ ಇಷ್ಟು ಪ್ರೀತಿಯಿಂದ ಬಡಿಸಿರಲಿಕ್ಕಿಲ್ಲ. ಸ್ವಾಮಿಯ ಹೆಸರು ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಮೈ ತುಂಬಿಸು ಎಂದು ಕೇಳಿದ್ದೆ, ಆ ಮಾತು ಹಿಂತೆಗೆದುಕೊಂಡೆ. ಎಷ್ಟು ಬೇಕಾದರೂ ಬಡವಾಗಲಿ, ಗೂಟಕ್ಕೆ ಹಾಕಿದ ಅಂಗಿಯಂತೆಯೇ ಇರಲಿ. ಉಸಿರಾಡಲಿ. ಅವರನ್ನು ಇರುವ ತೂಕದಲ್ಲೇ ನನಗೆ ಕೊಡು ಎಂದು ಬೇಡಿದೆ. ಅಷ್ಟು ಸಣ್ಣದನ್ನು, ಅಷ್ಟು ದೊಡ್ಡದನ್ನು ಅದಕ್ಕೆ ಮೊದಲು ನಾನು ಯಾವತ್ತೂ ಬೇಡಿರಲಿಲ್ಲ.

ಬುಧವಾರ ಬೆಳಿಗ್ಗೆ ಮಂಜುಳಾ ಹೊರಗೆ ಬಂದು, "ಅವ್ವಾ, ಒಳಗ ಬಾ" ಎಂದಳು. ಗೋಡೆ ಹಿಡಿದುಕೊಂಡು ಒಳಗೆ ಹೋದೆ. ಅವರು ಒಂದೇ ದಿಂಬಿನ ಮೇಲೆ ತಲೆಯಿಟ್ಟು, ಕಾಲು ಚಾಚಿ ಮಲಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಗೊರಕೆ ಹೊಡೆಯುತ್ತಿದ್ದರು. ಎರಡು ತಿಂಗಳಿನಿಂದ ಹಾಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ. ಮೂವತ್ತು ವರ್ಷ ಆ ಗೊರಕೆಗೆ ಬೈದವಳು, ಅವತ್ತು ಮಂಚದ ಪಕ್ಕ ನಿಂತು ಅದನ್ನು ಭಜನೆ ಕೇಳಿದಂತೆ ಕೇಳಿದೆ.

ಎಚ್ಚರವಾದ ಮೇಲೆ ನರ್ಸಮ್ಮ ತೂಕ ನೋಡಬೇಕೆಂದು ಬಂದಳು. ಕೊಳವೆಯ ಚೀಲ ತೋರಿಸಿ, "ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತಾರಲ್ಲ ತಾತಾ, ಕುಡಿದಿದ್ದನ್ನೆಲ್ಲ ನಾವು ಇಳಿಸಬೇಕಾಯ್ತು ನೋಡಿ" ಎಂದು ನಕ್ಕಳು. ಅವರೂ ನಕ್ಕರು. ಆದರೆ ಕಾಟಾ ಹತ್ತಿರ ಬಂದಾಗ ಮತ್ತೆ ಹಿಂಜರಿದರು. ಅಷ್ಟರಲ್ಲಿ ಅವರನ್ನು ನೋಡಲು ಅಯ್ಯನವರು ಪ್ರಸಾದ ಹಿಡಿದು ಬಂದಿದ್ದರು. ಬಾಗಿಲಲ್ಲೇ ನಿಂತು ಎಲ್ಲ ನೋಡಿದರು.

"ಏನಪಾ ಈರಣ್ಣ, ಮುಂಜಾನೆ ಎದ್ದು ಮೊದಲು ಕಾಲು ಎಲ್ಲಿಡ್ತಿ?"

"ನೆಲದ ಮ್ಯಾಲೆ ಸ್ವಾಮಿ."

"ಭೂಮಿತಾಯಿ ಲಕ್ಷ್ಮಿ ಅಲ್ಲೇನು? ಆಕಿ ಮ್ಯಾಲೆ ಕಾಲಿಡಾಕ ಮೊದಲು ಏನ್ ಮಾಡ್ತಿ?"

"ಮುಟ್ಟಿ ಕಣ್ಣಿಗೊತ್ತಿಕೊಳ್ತೀನ್ರಿ. ತಪ್ಪಾತು ತಾಯಿ ಅಂತೀನಿ."

"ಹಂಗಾರ ಇಲ್ಲೂ ಅನ್ನು. ಆಮ್ಯಾಲೆ ಹತ್ತು."

ಅವರು ಬಗ್ಗಿ ಕಾಟಾ ಮುಟ್ಟಿ ಕಣ್ಣಿಗೊತ್ತಿಕೊಂಡರು. ಹತ್ತಿದರು. ಮೂವತ್ತೆರಡು ವರ್ಷದ ಪದ್ಧತಿ ಆ ಗಳಿಗೆಯಲ್ಲಿ ಮುರಿಯಲಿಲ್ಲ, ಇನ್ನೊಂದು ಮೆಟ್ಟಿಲು ಏರಿತು ಎಂದು ನನಗನ್ನಿಸಿತು.

ಅವತ್ತಿನಿಂದ ನಮ್ಮ ಮನೆಯ ಬಾಳು ಬೇರೆ. ದೇವರ ಗೂಡಿನಿಂದ ಕಾಟಾ ಕೆಳಗಿಳಿಯಿತು, ವಿಭೂತಿಯ ಗೆರೆ ಅದರ ಮೇಲೆ ಹಾಗೇ ಇದೆ. ಮುಂಜಾನೆ ಬಚ್ಚಲಿಗೆ ಹೋಗಿ ಬಂದು, ಚಹಾಕ್ಕೆ ಮೊದಲು ಅವರು ಕೈಮುಗಿದು ಅದರ ಮೇಲೆ ನಿಲ್ಲುತ್ತಾರೆ, ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಪೆನ್ಸಿಲಿನಿಂದ ಅಂಕಿ ಬರೆಯುತ್ತೇನೆ. ಉಪ್ಪಿನಕಾಯಿಯ ಭರಣಿ ಅಕ್ಕನ ಮನೆಗೆ ಹೋಯಿತು. ಅಡುಗೆಗೆ ಈಗ ನಿಂಬೆಹುಳಿ, ಬೆಳ್ಳುಳ್ಳಿ, ಜೀರಿಗೆ. ಮೊದಲ ವಾರ ಅವರು ತಟ್ಟೆ ನೋಡಿ ಹೆಂಡತಿ ಬದಲಾದಳಾ ಎಂದು ಕೇಳಿದರು, ಎರಡು ತಿಂಗಳ ಹೊತ್ತಿಗೆ ಬೇರೆಯವರ ಮನೆಯ ಸಾರೇ ಉಪ್ಪೆನ್ನತೊಡಗಿದರು. ದಿನದ ನೀರು ಎಷ್ಟೆಂದು ಡಾಕ್ಟರು ಹೇಳಿದಷ್ಟನ್ನು ಬೆಳಿಗ್ಗೆಯೇ ಬಾಟಲಿಗೆ ತುಂಬಿಡುತ್ತೇನೆ, ಚಹಾ ಮಜ್ಜಿಗೆಯೂ ಅದರ ಲೆಕ್ಕಕ್ಕೇ. ಬಿಳಿ ಗುಳಿಗೆಯನ್ನು ನಾನೇ ಅಂಗೈಯಲ್ಲಿಟ್ಟು ಕೊಡುತ್ತೇನೆ, ತೀರ್ಥ ಕೊಟ್ಟ ಹಾಗೆ. ಉಗ್ಗಾಣಿ ಬಿಡಲಿಲ್ಲ, ಆದೋನಿಯಲ್ಲಿದ್ದು ಅಷ್ಟು ವೈರಾಗ್ಯ ಸಾಧ್ಯವಿಲ್ಲ. ಮನೆಯಲ್ಲೇ ಉಪ್ಪಿಲ್ಲದೆ ಮಾಡುತ್ತೇನೆ, ವಾರಕ್ಕೊಂದು ದಿನ, ಬಜ್ಜಿಯಿಲ್ಲದೆ.

ಜನವರಿಯಲ್ಲಿ ಒಮ್ಮೆ ಅಂಕಿ ಎರಡು ದಿನದಲ್ಲಿ ಎರಡು ಕಿಲೋ ಏರಿತು, ಸಂಕ್ರಾಂತಿಗೆ ಬೀಗರ ಮನೆಯಲ್ಲಿ ಉಂಡ ಊಟ. ಅವತ್ತೇ ಆಸ್ಪತ್ರೆಗೆ ಹೋದೆವು. ಗುಳಿಗೆ ಸ್ವಲ್ಪ ಹೆಚ್ಚಿಸಿದರು, ಮಧ್ಯಾಹ್ನಕ್ಕೆ ಮನೆಗೆ ಬಂದು ಉಂಡೆವು. ಮೊದಲಿನ ಬಸಮ್ಮ ಆಗಿದ್ದರೆ ಹೋಳಿಗೆಯ ಫಲ ಎಂದು ಆರತಿ ಎತ್ತುತ್ತಿದ್ದಳು.

ಶಿವರಾತ್ರಿಯ ಮರುದಿನ ಹರಕೆಗೆ ಹೋದೆವು. ಅಯ್ಯನವರು ಗರ್ಭಗುಡಿಯ ಪಕ್ಕದ ಕೋಣೆಯಲ್ಲಿ ನಮ್ಮ ಆರು ಪೆಂಟಿಗಳನ್ನು ಗೋಣಿಯಲ್ಲಿ ಕಟ್ಟಿ, ಇರುವೆ ಬರದಂತೆ ಸುತ್ತ ಅರಿಶಿನ ಹಾಕಿ ಇಟ್ಟಿದ್ದರು. ಈ ಸಲ ಗುಡಿಯವರೆಗೂ ಆಟೋ. ಎಂಟು ಮೆಟ್ಟಿಲನ್ನು ಅವರು ನಡುವೆ ಒಮ್ಮೆ ನಿಂತು ಹತ್ತಿದರು, ನಿಂತಾಗ ನಟಿಸಲಿಲ್ಲ. "ತಡಿ, ಉಸಿರು ತಗೊಳ್ತೀನಿ" ಎಂದು ನೇರವಾಗಿ ಹೇಳಿದರು. ಆ ಮಾತು ಕೇಳಿ ನನಗೆ ಎಷ್ಟು ನೆಮ್ಮದಿಯಾಯಿತೆಂದು ಬರೆಯಲು ಬರುವುದಿಲ್ಲ.

ಅವರು ಕೂತರು. ಅಯ್ಯನವರು ಪೆಂಟಿ ಇಡಿಸಿದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಐದನೆಯದಕ್ಕೆ ಹಲಗೆ ಅಲುಗಿದ ಸದ್ದು ಬಂತು. ಆರನೆಯದನ್ನು ಇಟ್ಟಾಗ ಜನ ಹೋ ಎಂದರು. ಕಣ್ಣು ಬಿಟ್ಟರೆ, ನಮ್ಮವರು ಕಾಲು ನೇತಾಡಿಸಿಕೊಂಡು ಮೇಲೆ ತೂಗುತ್ತಿದ್ದಾರೆ, ಬೆಲ್ಲ ಕಲ್ಲಿಗೆ ತಾಗಿದೆ. ಅಯ್ಯನವರು ನಗುತ್ತ ಕತ್ತಿ ತರಿಸಿ ಆರನೆಯ ಪೆಂಟಿಯಿಂದ ಎರಡು ಕಿಲೋ ಬೆಲ್ಲ ಒಡೆದು ತೆಗೆದರು. ಆಗ ತೊಲೆ ನೇರ ನಿಂತಿತು. ಐವತ್ತೆಂಟು. ಆಸ್ಪತ್ರೆಯ ಐವತ್ತಾರರ ಮೇಲೆ ಎರಡು ಕಿಲೋ ಏರಿದ್ದು ನಿಧಾನವಾಗಿ, ಮೂರು ತಿಂಗಳಲ್ಲಿ. ಅದು ಮಾಂಸವೇ, ಡಾಕ್ಟರೂ ನೋಡಿ ಹೇಳಿದ್ದರು, ನಮ್ಮವರ ಹೆಬ್ಬೆರಳೂ ಹೇಳಿತ್ತು. ಒಡೆದು ತೆಗೆದ ಬೆಲ್ಲವನ್ನು ಅಲ್ಲಿದ್ದವರಿಗೆಲ್ಲ ಹಂಚಿದೆ. ಹಂಚುವಾಗ ಒಬ್ಬೊಬ್ಬರಿಗೂ ಕಾಲು ಒತ್ತಿ ನೋಡಿಕೊಳ್ಳಿ ಎಂದು ಹೇಳಿದೆ. ಕೆಲವರು ನಕ್ಕರು. ಒಬ್ಬ ಅಜ್ಜಿ ಅಲ್ಲೇ ಕೂತು ಸೀರೆ ಸರಿಸಿ ಒತ್ತಿ ನೋಡಿದಳು. ಅವಳ ಮಗ ಅವಳನ್ನು ಮರುವಾರ ಆಸ್ಪತ್ರೆಗೆ ಕರೆದೊಯ್ದ ಎಂದು ಅಯ್ಯನವರು ಆಮೇಲೆ ಹೇಳಿದರು.

ಕಾಯಿಲೆ ಹೋಗಿಲ್ಲ. ಹೋಗುವುದೂ ಇಲ್ಲ ಎಂದು ನಮಗೆ ಗೊತ್ತು. ಯಾರ್ಡಿಗೆ ಅವರು ಈಗ ಬೆಳಗಿನ ಎರಡು ತಾಸು ಹೋಗಿ ಕುರ್ಚಿಯಲ್ಲಿ ಕೂತು ಬರುತ್ತಾರೆ, ಮೂಟೆ ಎತ್ತುವುದಿಲ್ಲ, ಕೈ ಮಾತ್ರ ಹತ್ತಿಯೊಳಗೆ ಇಳಿಸುತ್ತಾರೆ. ಸ್ವಾಮಿ ನನ್ನ ಮೊದಲ ಪ್ರಾರ್ಥನೆ ಕೇಳಲಿಲ್ಲ ಎಂಬುದೇ ಅವನ ದೊಡ್ಡ ದಯೆ. ಕೇಳಿದ್ದಾನೆ ಎಂದು ನಾನು ಕುಣಿಯುತ್ತಿದ್ದಾಗ ತನ್ನ ತಕ್ಕಡಿಯಲ್ಲೇ ಕೂರಿಸಿ ಅಲ್ಲ ಎಂದ. ಎರಡನೆಯದನ್ನು, ಕಲ್ಲು ಬೆಂಚಿನ ಮೇಲೆ ಬೇಡಿದ್ದನ್ನು ಕೇಳಿದ. ದಿನಾ ಕೇಳುತ್ತಿದ್ದಾನೆ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಅವರು ಎದ್ದು ಬಂದರು. ಕಾಟಾ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. "ಎಷ್ಟೈತಿ?" ಎಂದೆ.

"ನಿನ್ನಿ ಇದ್ದಷ್ಟ ಐತಿ."

ಪೆನ್ಸಿಲು ತೆಗೆದುಕೊಂಡು ಇವತ್ತಿನ ಮನೆಯಲ್ಲಿ ಬರೆದೆ, ಐವತ್ತೆಂಟು. ಆಮೇಲೆ ದೀಪ ಹಚ್ಚಿದೆ.